ಎಂಟೇ ತಿಂಗಳಿಗೆ ಕೈಕೊಟ್ಟ ಆಕ್ಸಿಜನ್ ಸೆನ್ಸರ್

ಆಟಿ ತಿಂಗಳ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಸುರತ್ಕಲ್ ಕಡೆಯಿಂದ ಮಂಗಳೂರಿನ ಗ್ಯಾರೇಜಿಗೆ ಬಂದ ಕಾರು ಅದು. ಮೂರು ಸಿಲಿಂಡರಿನ ಒಂದು ಲೀಟರ್ ಟರ್ಬೊ ಪೆಟ್ರೋಲ್, ಬಿಎಸ್4 (ಹಿಂದಿನ ಹೊಗೆ ಮಾಲಿನ್ಯ ನಿಯಮ) ಕಾಲದ್ದು. ಚೆಕ್ ಎಂಜಿನ್ ದೀಪ ಉರಿಯುತ್ತಿತ್ತು. 15ರ ಮೈಲೇಜು 11ಕ್ಕೆ ಇಳಿದಿತ್ತು. ಹೆದ್ದಾರಿಯಲ್ಲಿ ಒತ್ತಿ ತುಳಿದರೆ ಹಿಂದೆ ಕಪ್ಪು ಹೊಗೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊವೇ ಹೋಯಿತೆಂದು ಮಾಲಕರ ಹೆದರಿಕೆ. ಟರ್ಬೊ ಆಯಿಲ್ ಬಿಡುತ್ತಿದ್ದರೆ ಹೊಗೆ ನೀಲಿ ಬರಬೇಕು; ಕಪ್ಪೆಂದರೆ ಪೆಟ್ರೋಲು ಹೆಚ್ಚಾಗಿದೆ.

ಸ್ಕ್ಯಾನರಿನಲ್ಲಿ ಎರಡು ಕೋಡ್: ಪಿ0135 ಮತ್ತು ಪಿ0171. ಮೊದಲನೆಯದು ಹೊಗೆಯ ಆಮ್ಲಜನಕ ನೋಡುವ ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ (ಅದನ್ನು ಬಿಸಿಯಿಡುವ ಭಾಗ) ಸರ್ಕ್ಯೂಟಿನದು. ಎರಡನೆಯದು ಮಿಶ್ರಣದಲ್ಲಿ ಪೆಟ್ರೋಲು ಸಾಲದು ಎನ್ನುತ್ತದೆ. ಹೊಗೆ ಒಂದು ಹೇಳಿದರೆ ಕೋಡ್ ಅದಕ್ಕೆ ತದ್ವಿರುದ್ಧ. "ಸೆನ್ಸರ್ ಹೊಸತೇ ಮಾರಾಯ್ರೆ, ಹಾಕಿಸಿ ಎಂಟು ತಿಂಗಳು ಆಗ್ಲಿಲ್ಲ" ಎಂದರು ಮಾಲಕರು. ಇಲ್ಲಿ ಅವಸರಪಟ್ಟು ಇನ್ನೊಂದು ಸೆನ್ಸರ್ ತರಿಸಿದರೆ ಅದೂ ಮುಂದಿನ ಮಳೆಗಾಲದವರೆಗೆ ಮಾತ್ರ.

ಎಂಜಿನ್ ಬಿಸಿಯಾದ ಮೇಲೆ ಲೈವ್ ಡೇಟಾ ನೋಡಿದ್ದಾಯಿತು. ನಾಲ್ಕು ವಯರಿನ ಈ ಜಾತಿಯ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಚುರುಕಾಗಿ ಹತ್ತಿಳಿಯಬೇಕು. ವೋಲ್ಟ್ ಕಡಿಮೆಯೆಂದರೆ ಪೆಟ್ರೋಲು ಸಾಲದು, ಹೆಚ್ಚೆಂದರೆ ಪೆಟ್ರೋಲು ಜಾಸ್ತಿ. ಇದು 0.1 ಮತ್ತು 0.3ರ ನಡುವೆ ತೆವಳುತ್ತಿತ್ತು. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಎಂಜಿನ್ ಕಂಪ್ಯೂಟರ್ ಪೆಟ್ರೋಲಿನಲ್ಲಿ ಮಾಡಿಕೊಂಡ ಹೆಚ್ಚುಕಡಿಮೆ, +22 ಶೇಕಡಾ. ಆದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಸೆನ್ಸರ್ 0.8ರಲ್ಲಿ ಗಟ್ಟಿಯಾಗಿ ಕುಳಿತಿತ್ತು. ಒಂದೇ ಪೈಪಿನ ಎರಡು ಸೆನ್ಸರುಗಳು ಹೀಗೆ ಜಗಳವಾಡಿದರೆ, ಒಂದೋ ಮುಂದಿನದು ಸುಳ್ಳು ಹೇಳುತ್ತಿದೆ, ಇಲ್ಲವೇ ಅದರ ಮುಂಚೆ ಎಲ್ಲೋ ಹೊರಗಿನ ಗಾಳಿ ಸೇರುತ್ತಿದೆ. ಟರ್ಬೊ ಮತ್ತು ಅದರಿಂದ ಹೊಗೆ ಒಯ್ಯುವ ಡೌನ್‌ಪೈಪ್ ಸೇರುವಲ್ಲಿ ಗ್ಯಾಸ್ಕೆಟ್ ಬಿಡುವುದು ಅಪರೂಪವಲ್ಲ. ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರಿನ ಬಾಲದಿಂದ ಬ್ಲೋವರಿನಲ್ಲಿ ಗಾಳಿ ಕೊಟ್ಟು, ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿದರೂ ಗುಳ್ಳೆ ಬರಲಿಲ್ಲ. ಲೀಕ್ ಇಲ್ಲ.

ಇನ್ನು ಹೀಟರ್. ಫ್ಯೂಸ್ ಸರಿಯಿತ್ತು, ಕಪ್ಲರಿಗೆ (ವಯರು ಜೋಡಿಸುವ ಪ್ಲಗ್) 12 ವೋಲ್ಟ್ ಬರುತ್ತಿತ್ತು. ಸೆನ್ಸರ್ ಕಡೆಯ ಎರಡು ಬಿಳಿ ವಯರಿಗೆ ಮಲ್ಟಿಮೀಟರ್ ಹಿಡಿದರೆ ಓಮ್ ತೋರಿಸುವುದಿಲ್ಲ, ಅಂದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ; ವಯರ್ ಅಲುಗಿಸಿದರೆ ಒಮ್ಮೆ ಬರುತ್ತದೆ, ಮತ್ತೆ ಹೋಗುತ್ತದೆ. ಸ್ಲೀವ್ ಸರಿಸಿದಾಗ ಒಳಗಿನ ಕಥೆ ಗೊತ್ತಾಯಿತು. ಹಿಂದೆ ಎಲ್ಲೋ ಕಪ್ಲರ್ ಇಲ್ಲದೆ ಬರುವ, ಹಲವು ಕಾರುಗಳಿಗೆ ಹಾಕುವ ಯೂನಿವರ್ಸಲ್ ಸೆನ್ಸರ್ ತಂದು, ಹಳೆಯ ಕಪ್ಲರನ್ನು ಕತ್ತರಿಸಿ, ನಾಲ್ಕೂ ವಯರಿಗೆ ಬೆಸುಗೆ ಹಾಕಿ ಇನ್ಸುಲೇಶನ್ ಟೇಪ್ ಸುತ್ತಿದ್ದರು. ಟರ್ಬೊದ ಬಿಸಿಗೆ ಟೇಪಿನ ಅಂಟು ಕರಗಿ ಜಾರಿತ್ತು. ಬಿಚ್ಚಿದರೆ ಕೈಗೆ ಹಸಿರು ಪುಡಿ: ಕಡಲ ಬದಿಯ ಉಪ್ಪುಗಾಳಿ, ರಸ್ತೆಯ ನೀರು ತಾಮ್ರವನ್ನು ತಿಂದದ್ದು. ಬೆಸುಗೆಯಿಂದ ಆಚೆ ಕತ್ತರಿಸಿ ಅಳೆದಾಗ 9 ಓಮ್. ಹೀಟರ್ ಜೀವಂತ.

ಹಾಗಾದರೆ ವಯರ್ ಕ್ರಿಂಪ್ ಮಾಡಿ (ಬೆಸುಗೆಯಿಲ್ಲದೆ ಲೋಹದ ತೋಳಿನಲ್ಲಿ ಒತ್ತಿ ಜೋಡಿಸಿ) ಕಳಿಸಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಈ ಸೆನ್ಸರ್ ವೋಲ್ಟ್ ಕೊಡುವುದು ಹೊಗೆಯಲ್ಲಿರುವ ಆಮ್ಲಜನಕವನ್ನು ಹೊರಗಿನ ಗಾಳಿಯ ಆಮ್ಲಜನಕಕ್ಕೆ ಹೋಲಿಸಿ. ಆ ಹೊರಗಿನ ಗಾಳಿ ಒಳಹೋಗುವುದು ವಯರಿನ ತಾಮ್ರದ ಎಳೆಗಳ ನಡುವಿನ ಸಂದಿಯಿಂದ. ಬೆಸುಗೆ ಹಾಕಿದರೆ ಆ ಸಂದಿಯೇ ಮುಚ್ಚುತ್ತದೆ. ನೀರು ಬಿದ್ದರೆ ಅದೇ ದಾರಿಯಲ್ಲಿ ಒಳಗೆ ಏರುತ್ತದೆ. ಉಸಿರು ಕಟ್ಟಿದ ಸೆನ್ಸರ್ ಕಡಿಮೆ ವೋಲ್ಟ್ ಕೊಡುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲು ಸಾಲದೆಂದು ಇನ್ನಷ್ಟು ಸುರಿಯುತ್ತದೆ. ಟರ್ಬೊ ಒತ್ತಡ ಏರಿದಾಗಲೂ ಆ +22 ಜೊತೆಗೇ ಹೋಗುತ್ತದೆ, ಅದೇ ಕಪ್ಪು ಹೊಗೆ. ಕಪ್ಲರಿನೊಳಗೆ ಗ್ರೀಸ್ ತುಂಬುವವರಿಗೂ ಇದೇ ಮಾತು.

ಖಾತ್ರಿಗೆ ವಯರುಗಳನ್ನು ತಾತ್ಕಾಲಿಕವಾಗಿ ಕ್ರಿಂಪ್ ಮಾಡಿ, ಗಾಳಿ ಒಳಹೋಗುವ ಇನ್‌ಟೇಕಿಗೆ, ಪೆಟ್ರೋಲಿನಂತೆ ಉರಿಯುವ ಕಾರ್ಬ್ ಕ್ಲೀನರ್ ಒಮ್ಮೆ ಚಿಮ್ಮಿಸಿದ್ದಾಯಿತು. ಒಳ್ಳೆಯ ಸೆನ್ಸರ್ ತಟಕ್ಕನೆ 0.8 ದಾಟಬೇಕು. ಇದು 0.4ಕ್ಕೆ ಬಂದು ಸುಸ್ತಾಯಿತು. ಬದಲಿಸದೆ ಗತಿಯಿಲ್ಲ.

ಕಂಪೆನಿಯ ಕಪ್ಲರ್ ಸಮೇತ ಬರುವ, ಅದೇ ಮಾಡೆಲಿನ ಸೆನ್ಸರ್ ತರಿಸಲಾಯಿತು. ಹಿಂದಿನ ರಾತ್ರಿಯೇ ಥ್ರೆಡ್ಡಿಗೆ ತುಕ್ಕು ಬಿಡಿಸುವ ಸ್ಪ್ರೇ. ಬೆಳಿಗ್ಗೆ ಎಂಜಿನ್ ಐದು ನಿಮಿಷ ಓಡಿಸಿ, ಉಗುರುಬೆಚ್ಚಗಿರುವಾಗ 22 ಎಂಎಂ ಸೀಳು ಸಾಕೆಟ್ ಹಾಕಿ, ಕಾಲು ಸುತ್ತು ಬಿಚ್ಚಿ ಮತ್ತೆ ಅಷ್ಟೇ ಬಿಗಿದು, ಹೀಗೇ ಹಿಂದೆಮುಂದೆ ಮಾಡಿದರೆ ಬರುತ್ತದೆ. ಒಂದೇ ಸಲಕ್ಕೆ ಜಗ್ಗಿದರೆ ಥ್ರೆಡ್ಡೂ ಕಿತ್ತು ಬರುತ್ತದೆ, ಆಮೇಲೆ ಡೌನ್‌ಪೈಪಿನ ಖರ್ಚು. ಹೊಸದರ ಥ್ರೆಡ್ಡಿಗೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್ ಹಚ್ಚಿಯೇ ಇತ್ತು. ತುದಿಗೆ ಬೆರಳು ತಾಗಿಸದೆ ಕೂರಿಸಿ, 45 ನ್ಯೂಟನ್ ಮೀಟರಿಗೆ ಬಿಗಿದದ್ದು.

ಕೋಡ್ ಅಳಿಸಿ ಕೂಳೂರು ಸೇತುವೆ ದಾಟಿ ಮೂಲ್ಕಿಯವರೆಗೆ ಹೋಗಿ ಬಂದಾಗ ಟ್ರಿಮ್ +4ರಲ್ಲಿ ನಿಂತಿತ್ತು. ಅದು ದೋಷವಲ್ಲ. ಟ್ಯಾಂಕಿನಲ್ಲಿದ್ದದ್ದು ಇ20 (20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು), ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಕಾರುಗಳು ಸ್ವಲ್ಪ ಹೆಚ್ಚು ಇಂಧನ ಕೇಳುತ್ತವೆ. ಮುಂದಿನ ಸೆನ್ಸರ್ ಮೇಲೆ ಕೆಳಗೆ ಚುರುಕಾಗಿ ಓಡುತ್ತಿತ್ತು. ಮುರಿದುಹೋಗಿದ್ದ ಕ್ಲಿಪ್ಪಿನ ಜಾಗಕ್ಕೆ ಹೊಸ ಕ್ಲಿಪ್ ಹಾಕಿ ಕಪ್ಲರನ್ನು ಮೇಲೆತ್ತಿ ಕಟ್ಟಿ, ನೀರು ಕಪ್ಲರಿನತ್ತ ಹರಿಯದೆ ಕೆಳಗೇ ತೊಟ್ಟಿಕ್ಕಲೆಂದು ವಯರನ್ನು ಒಂದಿಷ್ಟು ಜೋತುಬಿಟ್ಟು ಬಾನೆಟ್ ಮುಚ್ಚಲಾಯಿತು.