ಮೇರ್ಸ್‌ಬುರ್ಗ್‌ನ ದ್ರಾಕ್ಷಿ ಇಳಿಜಾರಿನಲ್ಲಿ ಅಪ್ಪನ ಜೊತೆ

ಸ್ಟುಟ್‌ಗಾರ್ಟ್‌ನಿಂದ ಎ81 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಎರಡು ತಾಸು ಹೋದರೆ ಬೋಡನ್‌ಸೀ ಸರೋವರ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶಗಳ ನಡುವೆ ಹರಡಿಕೊಂಡಿರುವ ಇದರ ಉದ್ದ 63 ಕಿಲೋಮೀಟರ್, ವಿಸ್ತೀರ್ಣ 536 ಚದರ ಕಿಲೋಮೀಟರ್, ಅತಿ ಆಳದಲ್ಲಿ 251 ಮೀಟರ್. ರೈನ್ ನದಿ ಒಂದು ತುದಿಯಲ್ಲಿ ಒಳಗೆ ಬಂದು ಇನ್ನೊಂದು ತುದಿಯಲ್ಲಿ ಹೊರಗೆ ಹೋಗುತ್ತದೆ. ಊರಿನಿಂದ ಬಂದಿದ್ದ ಅಪ್ಪನಿಗೆ ಅರಮನೆ, ಮ್ಯೂಸಿಯಂ ಸಾಕಾಗಿದ್ದವು. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಅವರು, ಎರಡು ವಾರ ಹೊಲ ನೋಡದೆ ಇದ್ದರೆ ಮನಸ್ಸು ನಿಲ್ಲುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರ, ಸರೋವರದ ದಂಡೆಯಲ್ಲಿ ದ್ರಾಕ್ಷಿ ಕೊಯ್ಲು ನಡೆದಿರುವ ಹೊತ್ತು. ಹಾಗಾಗಿ ಮೇರ್ಸ್‌ಬುರ್ಗ್ ಎಂದು ಹೊರಟೆವು.

ದೊಡ್ಡ ರಸ್ತೆ ಬಿಟ್ಟು ದಂಡೆಗುಂಟ ಹೋಗುವ ಹಳೆಯ ರಸ್ತೆ ಹಿಡಿದದ್ದು ಸಿಪ್ಲಿಂಗನ್ ತೋರಿಸಲೆಂದು. ಸ್ಟುಟ್‌ಗಾರ್ಟ್ ಮತ್ತು ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಇಲ್ಲಿಂದಲೇ ಬರುತ್ತದೆ. 1958ರಿಂದಲೂ ನಡೆದಿದೆ. ಸುಮಾರು 60 ಮೀಟರ್ ಆಳದಿಂದ, ವರ್ಷವಿಡೀ ತಣ್ಣಗೇ ಇರುವ ನೀರನ್ನು ಎಳೆದು, ಹಿಂದಿನ ಗುಡ್ಡದ ಮೇಲಕ್ಕೆ ಏರಿಸಿ, ಅಲ್ಲಿ ಶುದ್ಧ ಮಾಡಿ ಉತ್ತರಕ್ಕೆ ಬಿಡುತ್ತಾರೆ. ಸುಮಾರು 40 ಲಕ್ಷ ಜನ ಇದನ್ನು ಕುಡಿಯುತ್ತಾರೆ.

"ಎಷ್ಟ ಎತ್ತರಕ್ಕ ಎತ್ತತಾರ ತಂಗಿ?" ಅಪ್ಪ ಕೇಳಿದರು.

ಮುನ್ನೂರು ಮೀಟರಿಗೂ ಮೇಲೆ ಎಂದೆ. ಅವರು ಗುಡ್ಡವನ್ನೂ ನೀರನ್ನೂ ಮತ್ತೆ ಮತ್ತೆ ನೋಡಿದರು. ತುಬಚಿ–ಬಬಲೇಶ್ವರ ಏತ ನೀರಾವರಿ ಬರುವ ಮುಂಚೆ, ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಮನುಷ್ಯ. ನೀರು ಎತ್ತುವುದೆಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೇರ್ಸ್‌ಬುರ್ಗ್‌ಗೆ ರೈಲು ಇಲ್ಲ. ಬಸ್ಸಿನಲ್ಲೋ ಕಾರಿನಲ್ಲೋ ಬರಬೇಕು, ಇಲ್ಲವೇ ಎದುರು ದಂಡೆಯ ಕಾನ್‌ಸ್ಟಾನ್ಸ್‌ನಿಂದ ಫೆರ್ರಿ ಹತ್ತಬೇಕು. ಊರು ಎರಡು ಅಂತಸ್ತಿನಲ್ಲಿದೆ. ಬಂಡೆಯ ಮೇಲೆ ಮೇಲೂರು, ಅಲ್ಲಿ ಕೋಟೆ, ಅರಮನೆ, ಮಾರುಕಟ್ಟೆ ಚೌಕ. ಕೆಳಗೆ ನೀರಿನ ಅಂಚಿಗೆ ಕೆಳಊರು, ಬಂದರು, ಹಳೆಯ ದವಸದ ಉಗ್ರಾಣ. ಎರಡನ್ನೂ ಜೋಡಿಸುವ ಶ್ಟೈಗ್‌ಶ್ಟ್ರಾಸೆ ಎಂಬ ಕಡಿದಾದ ಕಲ್ಲುಹಾಸಿನ ಬೀದಿಯ ಎರಡೂ ಬದಿಗೆ ಮರದ ತೊಲೆಗಳ ಚೌಕಟ್ಟು ಕಾಣುವ ಹಳೆಯ ಮನೆಗಳು. ಮೇಲ್ಬಾಗಿಲಿನ ಬಳಿ ಕಾರು ನಿಲ್ಲಿಸಿ ಒಳಗೆ ನಡೆದೆವು. ಪ್ರವಾಸಿಗರು ಬಹಳ. ಶನಿವಾರ ಹೋಗುವವರು ಹತ್ತು ಗಂಟೆಯೊಳಗೆ ಮುಟ್ಟಿದರೆ ಒಳ್ಳೆಯದು.

ಹಳೆಯ ಕೋಟೆಯನ್ನು ಬೇಗ ಮುಗಿಸಿದೆವು. ಜರ್ಮನಿಯಲ್ಲಿ ಈಗಲೂ ಜನ ವಾಸವಿರುವ ಅತ್ಯಂತ ಹಳೆಯ ಕೋಟೆ ಇದೆಂದು ಇಲ್ಲಿಯವರು ಹೇಳಿಕೊಳ್ಳುತ್ತಾರೆ, ಬುರುಜಿಗೆ ಏಳನೆಯ ಶತಮಾನದ ರಾಜ ಡಾಗೊಬರ್ಟ್‌ನ ಹೆಸರಿದೆ. ಆಯುಧ, ಕವಚ, ಸೆರೆಮನೆ ಎಲ್ಲಾ ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಕೋಣೆ. ಜರ್ಮನ್ ಕವಿ ಅನೆಟೆ ಫಾನ್ ಡ್ರೋಸ್ಟೆ-ಹ್ಯೂಲ್ಸ್‌ಹಾಫ್ 1848ರ ಮೇ ತಿಂಗಳಲ್ಲಿ ತೀರಿಕೊಂಡದ್ದು ಅಲ್ಲಿ. ಅವರ ಅಕ್ಕನ ಗಂಡ ಲಾಸ್‌ಬರ್ಗ್ 1838ರಲ್ಲಿ ಈ ಕೋಟೆಯನ್ನು ಕೊಂಡಿದ್ದ, ಹಳೆಯ ಹಸ್ತಪ್ರತಿಗಳ ಹುಚ್ಚಿನ ಮನುಷ್ಯ. ಅಕ್ಕನ ಮನೆಗೆ ಬಂದ ಅನೆಟೆ ಇಲ್ಲಿ ಕೂತು ತಮ್ಮ ಅತ್ಯುತ್ತಮ ಕವಿತೆಗಳಲ್ಲಿ ಬಹುಪಾಲು ಬರೆದರು. 1843ರಲ್ಲಿ ಊರ ಮೇಲ್ಗಡೆಯ ಒಂದು ಪುಟ್ಟ ಮನೆಯನ್ನು ದ್ರಾಕ್ಷಿತೋಟದ ಸಮೇತ ಹರಾಜಿನಲ್ಲಿ ಹಿಡಿದರು. ಮದುವೆಯಾಗದ, ಕಾಯಿಲೆಯ ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ತನ್ನ ಬರಹದ ದುಡ್ಡಿನ ಭರವಸೆಯ ಮೇಲೆ ತೋಟ ಕೊಂಡಳು ಎನ್ನುವುದು ನನಗೆ ಕೋಟೆಯ ಎಲ್ಲ ಕತ್ತಿ ಗುರಾಣಿಗಳಿಗಿಂತ ದೊಡ್ಡ ಸಂಗತಿ. ಯೂರೋ ಬರುವ ಮುಂಚೆ ಚಲಾವಣೆಯಲ್ಲಿದ್ದ 20 ಮಾರ್ಕಿನ ನೋಟಿನ ಮೇಲೆ ಇವರದೇ ಮುಖ, ಮುಖದ ಹಿನ್ನೆಲೆಯಲ್ಲಿ ಮೇರ್ಸ್‌ಬುರ್ಗ್‌ನ ಕಟ್ಟಡಗಳು.

ಪಕ್ಕದಲ್ಲೇ ತಿಳಿಗೆಂಪು ಬಣ್ಣದ ಹೊಸ ಅರಮನೆ. ಹೊಸದೆಂದರೆ ಹದಿನೆಂಟನೆಯ ಶತಮಾನದ್ದು. ಕಾನ್‌ಸ್ಟಾನ್ಸ್ ನಗರ ಪ್ರಾಟೆಸ್ಟೆಂಟರ ಕಡೆ ವಾಲಿದಾಗ, 1526ರ ಸುಮಾರಿಗೆ, ಅಲ್ಲಿಯ ಬಿಷಪ್ ನೀರು ದಾಟಿ ಇಲ್ಲಿಗೆ ಬಂದ. ಮುಂದೆ ಮುನ್ನೂರು ವರ್ಷ ಹತ್ತಿರ ಹತ್ತಿರ ಬಿಷಪ್ಪರೇ ಇಲ್ಲಿ ದೊರೆಗಳು, ತೋಟಗಳ ಒಡೆಯರು. ನೆಪೋಲಿಯನ್ ಕಾಲದಲ್ಲಿ ಚರ್ಚಿನ ಆಸ್ತಿ ಸರಕಾರದ ಪಾಲಾಯಿತು. ಬಿಷಪ್ಪರ ತೋಟ, ನೆಲಮಾಳಿಗೆಗಳೆಲ್ಲ 1802ರಲ್ಲಿ ಬಾಡನ್ ಸಂಸ್ಥಾನಕ್ಕೆ ಹೋದವು. ಇವತ್ತಿಗೂ ಆ ವೈನರಿ ರಾಜ್ಯ ಸರಕಾರದ್ದೇ. ಸರಕಾರವೇ ದ್ರಾಕ್ಷಿ ಬೆಳೆದು ವೈನ್ ಮಾಡಿ ಮಾರುತ್ತದೆ ಎಂದಾಗ ಅಪ್ಪ ನಿಂತುಬಿಟ್ಟರು. ಬೆಲೆ ಬಿದ್ದರೆ ನಷ್ಟ ಯಾರಿಗೆ ಎಂಬುದು ಅವರ ಮೊದಲ ಪ್ರಶ್ನೆ.

ಅರಮನೆಯ ಕಟ್ಟೆಯಿಂದ ಕೆಳಗೆ ಕಾಣುವುದೇ ದ್ರಾಕ್ಷಿ. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು, ಕೆಳಗೆ ನೀರು, ನೀರಿನಾಚೆ ಸ್ವಿಟ್ಜರ್ಲೆಂಡ್, ಅದರ ಮೇಲೆ 2,502 ಮೀಟರಿನ ಸೆಂಟಿಸ್ ಶಿಖರ. ಇಲ್ಲಿ ಸರೋವರದ ಮಟ್ಟವೇ ಸಮುದ್ರಕ್ಕಿಂತ 395 ಮೀಟರ್ ಮೇಲೆ. ತೋಟಗಳು ಅದಕ್ಕೂ ಮೇಲೆ, ಜರ್ಮನಿಯ ಬಹುಪಾಲು ದ್ರಾಕ್ಷಿ ಸೀಮೆಗಳಿಗಿಂತ ಎತ್ತರದಲ್ಲಿ. ಈ ಎತ್ತರಕ್ಕೆ, ಈ ಚಳಿಗೆ ದ್ರಾಕ್ಷಿ ಹಣ್ಣಾಗಬಾರದು. ಆಗುತ್ತಿರುವುದು ಕೆಳಗಿನ ನೀರಿನಿಂದ. ಬೇಸಿಗೆಯಿಡೀ ಬಿಸಿಲು ಕುಡಿದ ಅಷ್ಟು ದೊಡ್ಡ ನೀರು ಚಳಿಗಾಲದ ತನಕ ಶಾಖವನ್ನು ಸಾವಕಾಶ ಬಿಡುತ್ತದೆ, ಚಿಗುರೊಡೆಯುವ ಹೊತ್ತಿನ ಹಿಮದಿಂದ ಕಾಯುತ್ತದೆ, ಬೆಳಕನ್ನು ಇಳಿಜಾರಿಗೆ ತಿರುಗಿ ಎಸೆಯುತ್ತದೆ. ಆಲ್ಪ್ಸ್ ಕಡೆಯಿಂದ ಬೀಸುವ ಫ್ಯೋನ್ ಎಂಬ ಬಿಸಿಗಾಳಿಯೂ ಸೇರುತ್ತದೆ. ಬಿಷಪ್ಪರ ಅರಮನೆ, ಬೀದಿಯ ಚಂದದ ಮನೆಗಳು, ಬಂದರಿನ ಉಗ್ರಾಣ ಎಲ್ಲಕ್ಕೂ ದುಡ್ಡು ಹುಟ್ಟಿದ್ದರಲ್ಲಿ ಈ ಇಳಿಜಾರಿನ ಪಾಲು ದೊಡ್ಡದು. ಊರು ನೋಡಲು ಬಂದವರು ತೋಟವನ್ನು ಫೋಟೋದ ಹಿನ್ನೆಲೆ ಮಾಡಿಕೊಂಡು ಹೊರಟುಹೋಗುವುದು ನನಗೆ ಸರಿ ಕಾಣುವುದಿಲ್ಲ. ತೋಟದೊಳಗೆ ಯಾರು ಬೇಕಾದರೂ ನಡೆಯಬಹುದಾದ ದಾರಿಯಿದೆ. ಇಳಿಯಬೇಕು.

ನಾವು ಇಳಿದೆವು. ಹಾಗ್ನೌ ಎಂಬ ಪಕ್ಕದ ಹಳ್ಳಿಯ ಕಡೆಗೆ ಹೋಗುವ ದಾರಿ.

"ಚಪ್ಪರ ಇಲ್ಲ, ಬರೇ ತಂತಿಗೆ ನಿಂದರಸ್ಯಾರ ನೋಡು," ಎಂದರು ಅಪ್ಪ. "ಬಿಸಲು ಕಡಿಮಿ ಇದ್ದಲ್ಲೆ ಹಿಂಗ ಮಾಡಬೇಕಾಗ್ತದ. ನಮ್ಮಲ್ಲೆ ಹಿಂಗ ಬಿಟ್ಟರ ಹಣ್ಣ ಸುಟ್ಟ ಹೋಗತಾವ."

ಅವರು ಒಂದು ಎಲೆಯನ್ನು ಮಗುಚಿ ನೋಡಿದರು. ಮೇಲ್ಗಡೆ ಎಣ್ಣೆ ಬಿದ್ದಂಥ ಹಳದಿ ಕಲೆ, ಕೆಳಗಡೆ ಬಿಳಿ ಬೂಷ್ಟು. ಎಲೆಯ ತುದಿಯಲ್ಲಿ ಒಣಗಿದ ತಿಳಿನೀಲಿ ಚುಕ್ಕೆಗಳು. ಉಗುರಿನಿಂದ ಕೆರೆದು, "ಇವರಿಗೂ ಡೌನಿ ಬಿಟ್ಟಿಲ್ಲ. ಮೈಲುತುತ್ತ ಹೊಡದಾರ" ಎಂದರು. ಫ್ರಾನ್ಸ್‌ನ ಬೋರ್ಡೋದಲ್ಲಿ 1880ರ ದಶಕದಲ್ಲಿ ಕಂಡುಕೊಂಡ ಮೈಲುತುತ್ತ-ಸುಣ್ಣದ ಔಷಧಿ ತಿಕೋಟಾದ ದ್ರಾಕ್ಷಿ ಪಡದಲ್ಲೂ ಬೀಳುತ್ತದೆ, ಇಲ್ಲೂ ಬೀಳುತ್ತದೆ. ಡೌನಿ ಎಂಬ ಆ ಬೂಷ್ಟು ರೋಗ ಅಮೆರಿಕದಿಂದ ಬಂದದ್ದು. ಬೇರು ತಿನ್ನುವ ಫಿಲಾಕ್ಸರಾ ಹೇನು ಸಹ ಅಲ್ಲಿಯದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಯುರೋಪಿನ ತೋಟಗಳನ್ನು ಹಾಳು ಮಾಡಿತು. ಕಡೆಗೆ ಅದನ್ನು ತಡೆಯಬಲ್ಲ ಅಮೆರಿಕದ ಬೇರಿಗೇ ತಮ್ಮ ತಳಿಗಳನ್ನು ಕಸಿ ಕಟ್ಟಿ ಬದುಕಿಕೊಂಡರು. ನಮ್ಮ ಕಡೆ ಉಪ್ಪುನೀರು, ಬರ ತಡೆಯಲೆಂದು ಹಾಕುವ ಡಾಗ್ ರಿಡ್ಜ್ ಬೇರೂ ಅಮೆರಿಕದ್ದು. ಕಸಿಯ ಗಂಟನ್ನು ಅಪ್ಪ ಮಂಡಿಯೂರಿ ಕೂತು ಮುಟ್ಟಿ ನೋಡಿದರು. ಮೇಲಿನ ತಳಿ ಬೇರೆ, ಕೆಳಗಿನ ಬೇರು ದೂರದ ನೆಂಟ.

ಸ್ವಲ್ಪ ಮುಂದೆ ಕೊಯ್ಲು ನಡೆದಿತ್ತು. ಏಳೆಂಟು ಜನ, ಕೈಯಲ್ಲಿ ಸಣ್ಣ ಕತ್ತರಿ, ಸಾಲಿನ ನಡುವೆ ಪ್ಲಾಸ್ಟಿಕ್ ಬುಟ್ಟಿಗಳು. ಕೊಳೆತ ಹಣ್ಣನ್ನು ಅಲ್ಲೇ ಬಿಡಿಸಿ ನೆಲಕ್ಕೆ ಹಾಕಿ ಗೊನೆಯನ್ನು ಬುಟ್ಟಿಗೆ ಇಡುತ್ತಿದ್ದರು. ಮೇಲ್ವಿಚಾರಣೆಯ ಹೆಂಗಸಿಗೆ, ನಮ್ಮ ತಂದೆಯೂ ದ್ರಾಕ್ಷಿ ಬೆಳೆಯುತ್ತಾರೆ ಎಂದೆ. ಆಕೆ ಒಂದು ಗೊನೆ ತೆಗೆದು ಅವರ ಕೈಗಿಟ್ಟಳು, ಜೇಬಿನಿಂದ ಸಕ್ಕರೆ ನೋಡುವ ದುರ್ಬೀನಿನಂಥ ಯಂತ್ರವನ್ನೂ ಕೊಟ್ಟಳು. ಅದರ ಪರಿಚಯ ಮಾಡಿಕೊಡುವ ಅಗತ್ಯ ಬೀಳಲಿಲ್ಲ. ಅಪ್ಪ ಒಂದು ಹಣ್ಣು ಹಿಂಡಿ, ಬೆಳಕಿಗೆ ಹಿಡಿದು ನೋಡಿದರು. ಇಲ್ಲಿ ಸಕ್ಕರೆಯ ಅಳತೆ ಯೊಕ್ಸ್‌ಲೆ. 75 ಯೊಕ್ಸ್‌ಲೆ ಎಂದರೆ ನಮ್ಮವರು ಹೇಳುವ 18 ಬ್ರಿಕ್ಸ್ ಆಯಿತು. ಒಣದ್ರಾಕ್ಷಿಗೆ 22 ದಾಟುವ ತನಕ ಕಾಯುವ ಅಪ್ಪನಿಗೆ ಇದು ಕಡಿಮೆಯೇ. ಆಕೆ, ಹುಳಿ ಉಳಿಯಬೇಕು, ಅದಿಲ್ಲದಿದ್ದರೆ ಈ ವೈನಿಗೆ ಜೀವವಿಲ್ಲ ಎಂದಳು. ಅಪ್ಪ ತಲೆಯಾಡಿಸಿದರು. ಹಣ್ಣು ದಪ್ಪವಾಗಲು ಜಿಎ (ಜಿಬ್ಬರೆಲಿಕ್ ಆಮ್ಲ) ಔಷಧಿಯಲ್ಲಿ ಅದ್ದುವುದಿಲ್ಲವೇ ಎಂದು ಕೇಳಿಸಿದರು. ಇಲ್ಲ, ಸಣ್ಣ ಹಣ್ಣೇ ಬೇಕು, ಸಿಪ್ಪೆಯ ಪಾಲು ಹೆಚ್ಚಿದ್ದಷ್ಟೂ ಪರಿಮಳ ಹೆಚ್ಚು ಎಂಬ ಉತ್ತರ ಬಂತು. ನಾವು ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುತ್ತೇವೆ, ಏಪ್ರಿಲ್‌ನಲ್ಲಿ ಕಡ್ಡಿಗೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ ಎಂದಾಗ ಬೆರಗಾಗುವ ಸರದಿ ಆಕೆಯದು. ಇಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಆಗ ಒಂದು ಸಲ ಕತ್ತರಿ. ನಮ್ಮಲ್ಲಿ ಮಲಗುವ ಚಳಿಯೇ ಇಲ್ಲದ್ದರಿಂದ ಕತ್ತರಿಯೇ ಋತುವನ್ನು ಹೇಳಬೇಕು.

ಕೊಯ್ಯುತ್ತಿದ್ದದ್ದು ಮ್ಯುಲರ್-ಥುರ್ಗೌ ತಳಿ. ಎದುರು ದಂಡೆಯ ಥುರ್ಗೌ ಪ್ರಾಂತದಲ್ಲಿ ಹುಟ್ಟಿದ ಹೆರ್ಮನ್ ಮ್ಯುಲರ್ ಎಂಬ ವಿಜ್ಞಾನಿ ಜರ್ಮನಿಯ ಗೈಸನ್‌ಹೈಮ್‌ನಲ್ಲಿ 1882ರಲ್ಲಿ ಮಾಡಿದ ಮಿಶ್ರತಳಿ ಇದು. 1920ರ ದಶಕದಲ್ಲಿ ಇದರ ಕಡ್ಡಿಗಳನ್ನು ಸ್ವಿಸ್ ದಂಡೆಯಿಂದ ರಾತ್ರಿ ದೋಣಿಯಲ್ಲಿ ಕದ್ದು ತಂದು ಈ ಕಡೆ ನೆಟ್ಟರು ಎಂಬ ಕಥೆಯನ್ನು ದಂಡೆಯ ಬೆಳೆಗಾರರು ಹೆಮ್ಮೆಯಿಂದ ಹೇಳುತ್ತಾರೆ. ಕಪ್ಪು ಹಣ್ಣಿನ ಶ್ಪೇಟ್‌ಬುರ್ಗುಂಡರ್ ಕೊಯ್ಲಿಗೆ ಇನ್ನೂ ದಿನವಿತ್ತು.

ಆಚೆಗೆ ಕಾಣುತ್ತಿದ್ದದ್ದು ಹಾಗ್ನೌ ಚರ್ಚಿನ ಗೋಪುರ. ಅಲ್ಲಿಯ ಪಾದ್ರಿಯಾಗಿದ್ದ ಹೈನ್‌ರಿಶ್ ಹಾನ್ಸ್‌ಯಾಕೋಬ್, ಸಾಲು ಸಾಲು ಕೆಟ್ಟ ಬೆಳೆಯಿಂದ ಬೆಳೆಗಾರರು ವ್ಯಾಪಾರಿಗಳ ಕೈಗೆ ಸಿಕ್ಕು ಸೊರಗಿದ್ದನ್ನು ಕಂಡು 1881ರಲ್ಲಿ ಅವರನ್ನು ಒಟ್ಟುಗೂಡಿಸಿ ಬಾಡನ್‌ನ ಮೊದಲ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಕಟ್ಟಿದ. ಆ ಸಂಘ ಈಗಲೂ ನಡೆದಿದೆ. ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಬೆಳೆದ ಒಣದ್ರಾಕ್ಷಿಯನ್ನು ಸಾಂಗ್ಲಿ, ತಾಸಗಾಂವ್ ಮಾರುಕಟ್ಟೆಗೆ ಒಯ್ದು, ಅಲ್ಲಿಯ ದರಕ್ಕೆ ಕೊಟ್ಟು ಬಂದ ವರ್ಷಗಳು ಅವರ ಲೆಕ್ಕದ ಪುಸ್ತಕದಲ್ಲಿವೆ. ಹಾಗ್ನೌ ಗೋಪುರವನ್ನು ಅವರು ನೋಡಿದ ರೀತಿಗೆ ಈ ಪ್ರವಾಸ ಸಾರ್ಥಕವಾಯಿತು ಅನ್ನಿಸಿತು ನನಗೆ.

ಮತ್ತೆ ಮೇಲೂರಿಗೆ ಹತ್ತಿ ವಿನೇಉಮ್ ಎಂಬ ವೈನ್ ಮ್ಯೂಸಿಯಂಗೆ ಹೋದೆವು. ಹಳೆಯ ಧರ್ಮಾಸ್ಪತ್ರೆಯ ಕಟ್ಟಡ. ಅದರೊಳಗೆ 1607ರ ದ್ರಾಕ್ಷಿ ಗಾಣ ಹಾಗೇ ನಿಂತಿದೆ. ಇಡೀ ಓಕ್ ಮರಗಳ ತೊಲೆಗಳು, ಒಂದು ತುದಿಯಲ್ಲಿ ಮರದ ತಿರುಪು, ತಿರುಪಿನ ಬುಡಕ್ಕೆ ಭಾರದ ಕಲ್ಲು. ತಿರುಪು ತಿರುಗಿಸಿದರೆ ತೊಲೆಯ ಭಾರವೆಲ್ಲ ಹಣ್ಣಿನ ರಾಶಿಯ ಮೇಲೆ ಕೂರುತ್ತದೆ. ಮುಟ್ಟುವಷ್ಟು ಹತ್ತಿರ ನಿಂತರೆ ತೊಲೆಯ ಮೇಲೆ ಕೊಡಲಿಯ ಏಟಿನ ಗುರುತುಗಳು ಸಾಲಾಗಿ ಕಾಣುತ್ತವೆ.

ಊಟ ಬೆಳೆಗಾರರೊಬ್ಬರ ಅಂಗಳದಲ್ಲಿ. ವರ್ಷದ ಕೆಲವೇ ವಾರ ತಮ್ಮ ಮನೆಯಲ್ಲೇ ತಮ್ಮ ವೈನು ಮಾರುವ ಇಂಥ ಜಾಗಗಳಿಗೆ ಹೊರಗೆ ಒಂದು ಗುರುತು ತೂಗುಹಾಕಿರುತ್ತಾರೆ. ತೆಳ್ಳಗಿನ ರೊಟ್ಟಿಯ ಮೇಲೆ ಕೆನೆ, ಈರುಳ್ಳಿ ಹರಡಿ ಒಲೆಯಲ್ಲಿ ಸುಟ್ಟ ದ್ಯುನ್ನೆಲೆ ತರಿಸಿದೆವು. ಹಂದಿಮಾಂಸದ ಚೂರು ಬೇಡವೆಂದು ಮೊದಲೇ ಹೇಳಬೇಕು. ಅಪ್ಪ ಕುಡಿಯುವವರಲ್ಲ, ಅವರಿಗೆ ಆಗತಾನೇ ಹಿಂಡಿದ ದ್ರಾಕ್ಷಿ ರಸ. ನನಗೆ ಒಂದು ಸಣ್ಣ ಲೋಟ ಮ್ಯುಲರ್-ಥುರ್ಗೌ. ಹಗುರ, ತುಸು ಹುಳಿ, ಹೂವಿನ ವಾಸನೆ. ಬೆಳಿಗ್ಗೆ ಹಣ್ಣು ತಿಂದ ಬಾಯಿಗೆ ಆಕೆ ಹೇಳಿದ ಹುಳಿಯ ಮಾತು ಆಗ ಅರ್ಥವಾಯಿತು.

ಸಂಜೆ ಕೆಳಊರಿಗೆ ಇಳಿದು, ಬಂದರಿನ ಕಂಬದ ತುದಿಯಲ್ಲಿ ಕಡಲಹಕ್ಕಿಯಾಗಿ ಹಾರುತ್ತಿರುವ ಅನೆಟೆಯ ಶಿಲ್ಪವನ್ನು ನೋಡಿ, ಕಾನ್‌ಸ್ಟಾನ್ಸ್‌ಗೆ ಹೋಗಿ ಬರುವ ಫೆರ್ರಿ ಹತ್ತಿದೆವು. 1928ರಿಂದ ಇದೆ, ಹಗಲು ರಾತ್ರಿ ಓಡುತ್ತದೆ, ಒಂದು ದಂಡೆಯಿಂದ ಇನ್ನೊಂದಕ್ಕೆ ಕಾಲು ಗಂಟೆ. ಊರನ್ನು ಪೂರ್ತಿ ನೋಡಬೇಕಾದರೆ ನೀರಿನ ಮೇಲಿಂದಲೇ ನೋಡಬೇಕು. ಮೆಟ್ಟಿಲು ಮೆಟ್ಟಿಲಾದ ತುದಿಯ ಬುರುಜು, ತಿಳಿಗೆಂಪು ಅರಮನೆ, ಎರಡರ ಪಕ್ಕಕ್ಕೂ ಹಬ್ಬಿದ ತೋಟ. 1963ರ ಚಳಿಗಾಲದಲ್ಲಿ ಈ ಇಡೀ ಸರೋವರ ಹೆಪ್ಪುಗಟ್ಟಿತ್ತು, ಸಂತ ಯೋಹಾನನ ಮೂರ್ತಿಯನ್ನು ಹೊತ್ತು ಹಾಗ್ನೌದಿಂದ ಸ್ವಿಟ್ಜರ್ಲೆಂಡಿನ ಮ್ಯುನ್‌ಸ್ಟರ್‌ಲಿಂಗನ್‌ಗೆ ಜನ ಮಂಜಿನ ಮೇಲೆ ಮೆರವಣಿಗೆ ಹೋದರು. ಮುಂದೆ ಯಾವಾಗ ಹೆಪ್ಪುಗಟ್ಟುತ್ತದೋ ಆಗ ಮೂರ್ತಿ ಈ ಕಡೆ ಬರಬೇಕು. ಅಲ್ಲಿಂದೀಚೆಗೆ ಹೆಪ್ಪುಗಟ್ಟಿಲ್ಲ.

ಫೆರ್ರಿಯ ಮೇಲಿಂದಲೇ ಅಪ್ಪ ಊರಿಗೆ ಫೋನ್ ಹಚ್ಚಿದರು. ಅಲ್ಲಿ ರಾತ್ರಿಯೂಟದ ಹೊತ್ತು. ಮಳೆ ಇನ್ನೂ ಬಿಟ್ಟಿಲ್ಲವಂತೆ, ಆದರೂ ಕಾಕಾ ಅಕ್ಟೋಬರ್ ಚಾಟ್ನಿಗೆ ಆಳು ಗೊತ್ತು ಮಾಡುತ್ತಿದ್ದರು.

"ಅವಸರ ಮಾಡಬ್ಯಾಡೋ," ಎಂದರು ಅಪ್ಪ. "ಮಳಿ ನಿಲ್ಲಲಿ, ಆಮ್ಯಾಲ ಕತ್ತರಿ ಹಚ್ಚು. ಇಲ್ಲೆ ಕೊಯ್ಲು ನಡದೈತಿ. ಹಣ್ಣ ಸಣ್ಣವ, ಆದರ ಬಳ್ಳಿ ಚೊಲೋ ಇಟಗೊಂಡಾರ. ಮತ್ತ ಒಂದು ಸಂಘ ಐತಿ ಇಲ್ಲೆ, ಅದರ ಸುದ್ದಿ ಬಂದ ಮ್ಯಾಲ ಎಲ್ಲಾರ ಮುಂದ ಹೇಳತೀನಿ."