ರಂಗೋಲಿ ಪುಡಿಯ ಹೃದಯ

ಜೂನ್ ಮೊದಲ ವಾರ. ನಮ್ಮ ಸರ್ಕಾರಿ ಶಾಲೆಯ ಎಂಟನೇ ತರಗತಿಗೆ ಸೇತುಬಂಧ ನಡೆಯುತ್ತಿತ್ತು. ಹೊಸ ಪಾಠಕ್ಕೆ ಹೋಗುವ ಮೊದಲು ಏಳನೇ ತರಗತಿಯದ್ದು ಎಷ್ಟು ತಲೆಯಲ್ಲಿ ಉಳಿದಿದೆ ಅಂತ ನೋಡಬೇಕು, ಬಿಟ್ಟುಹೋದದ್ದನ್ನು ಮತ್ತೆ ಹೇಳಿಕೊಡಬೇಕು. ಎರಡು ತಿಂಗಳ ರಜೆಯಲ್ಲಿ ಮಾವಿನಮರ, ಕೆರೆ, ಅಜ್ಜಿ ಮನೆ ಅಂತ ಸುತ್ತಿ ಬಂದವರಿಗೆ ಇದು ಸ್ವಲ್ಪ ಕಷ್ಟವೇ.

ಪೂರ್ವ ಪರೀಕ್ಷೆಯಲ್ಲಿ ಹೃದಯಕ್ಕೆ ಎಷ್ಟು ಕೋಣೆ ಅಂತ ಕೇಳಿದ್ದೆ. 26 ಮಕ್ಕಳಲ್ಲಿ ಹೆಚ್ಚಿನವರು 4 ಅಂತ ಬರೆದಿದ್ದರು. ಮೇಲಿನೆರಡು ಹೃತ್ಕರ್ಣ, ಕೆಳಗಿನೆರಡು ಹೃತ್ಕುಕ್ಷಿ ಅನ್ನುವ ಹೆಸರುಗಳೂ ಇದ್ದವು. ಆದರೆ ಕಾಲಿನಿಂದ ಹೊರಟ ರಕ್ತ ಮತ್ತೆ ಕಾಲಿಗೆ ಬರುವ ದಾರಿ ಯಾವುದು ಅಂದರೆ ಹಾಳೆ ಖಾಲಿ. ಒಬ್ಬ ಮಾತ್ರ "ಹೃದಯಕ್ಕೆ ಹೋಗಿ ವಾಪಸ್ ಬರುತ್ತದೆ" ಅಂತ ಬರೆದಿದ್ದ. ಸುಳ್ಳೇನಲ್ಲ ಬಿಡಿ.

ಮೊದಲ ದಿನ ಆಮ್ಲ, ಪ್ರತ್ಯಾಮ್ಲ ಸುಲಭವಾಗಿ ಮುಗಿದಿತ್ತು. ಅರಿಶಿನ ಬಳಿದು ಒಣಗಿಸಿದ ಕಾಗದಕ್ಕೆ ಸೋಪಿನ ನೀರು ಹಾಕಿದರೆ ಕೆಂಪು, ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. "ಅಜ್ಜಿ ಓಕುಳಿ ನೀರಿಗೆ ಸುಣ್ಣ ಹಾಕೋದು ಇದಕ್ಕೇನಾ ಮಿಸ್?" ಅಂತ ಒಬ್ಬಳು ಕೇಳಿದಾಗ ನಾನು ಹೇಳುವುದೇನೂ ಉಳಿದಿರಲಿಲ್ಲ. ಆದರೆ ಹೃದಯವನ್ನು ಅಡುಗೆಮನೆಯಲ್ಲಿ ಎಲ್ಲಿ ಹುಡುಕೋದು?

ಮೂರನೇ ದಿನ ಅಂಗಳಕ್ಕೇ ಇಳಿದೆ. ಕುಂಟೆಬಿಲ್ಲೆಯ ಮನೆ ಬರೆಯುವ ಹಾಗೆ ರಂಗೋಲಿ ಪುಡಿಯಲ್ಲಿ ನಾಲ್ಕು ಕೋಣೆ ಬರೆದೆ. ಮೇಲೆ ಶ್ವಾಸಕೋಶ, ಕೆಳಗೆ ದೇಹ. ಬಾಟಲಿ ಮುಚ್ಚಳಗಳೇ ರಕ್ತದ ಸರಕು: ನೀಲಿ ಅಂದರೆ ಇಂಗಾಲದ ಡೈಆಕ್ಸೈಡ್, ಕೆಂಪು ಅಂದರೆ ಆಮ್ಲಜನಕ. ದೇಹದಿಂದ ನೀಲಿ ಮುಚ್ಚಳ ಹಿಡಿದು ಹೊರಡಬೇಕು, ಬಲಗಡೆಯ ಎರಡು ಕೋಣೆ ದಾಟಿ ಶ್ವಾಸಕೋಶದಲ್ಲಿ ಅದನ್ನು ಕೊಟ್ಟು ಕೆಂಪು ತಗೊಳ್ಳಬೇಕು, ಎಡಗಡೆಯ ಎರಡು ಕೋಣೆ ದಾಟಿ ದೇಹಕ್ಕೆ ತಂದು ಮುಟ್ಟಿಸಬೇಕು.

ಶುರುವಾಗುವ ಮೊದಲೇ ತಕರಾರು. "ಮಿಸ್, ಇದು ಎಡಗಡೆ ಅಲ್ವಾ? ಬಲ ಅಂತ ಬರೆದಿದ್ದೀರಿ." ಪುಸ್ತಕದ ಚಿತ್ರದಲ್ಲಿರುವ ಹಾಗೇ ಬರೆದಿದ್ದೆ. ಅದು ನಮ್ಮ ಎದುರು ನಿಂತವರ ಹೃದಯ, ಅವರ ಬಲ ನಮಗೆ ಎಡ, ಅಂತ ವಿವರಿಸಿದೆ. ಯಾರ ಮುಖದಲ್ಲೂ ಬೆಳಕಿಲ್ಲ. ಆಗ ಒಬ್ಬ ಹುಡುಗ ಸುಮ್ನೆ ಹೋಗಿ ಚಿತ್ರದ ಮೇಲೆ ಅಂಗಾತ ಮಲಗಿಬಿಟ್ಟ, ತಲೆ ಶ್ವಾಸಕೋಶದ ಕಡೆಗೆ. "ಈಗ ನನ್ನ ಬಲಗೈ ನೋಡ್ರೋ!" ಬಲಗೈ ಸರಿಯಾಗಿ ಬಲ ಹೃತ್ಕರ್ಣದ ಪಕ್ಕದಲ್ಲಿತ್ತು. ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಅವನ ಅಂಗಿಯ ಬೆನ್ನೆಲ್ಲ ಬಿಳಿ. ಅವರಮ್ಮ ನನ್ನನ್ನು ಬೈದುಕೊಂಡಿರಬೇಕು.

ಮೊದಲ ಸುತ್ತು ಜಾತ್ರೆ. ಬಲ ಹೃತ್ಕರ್ಣದಿಂದ ಬಲ ಹೃತ್ಕುಕ್ಷಿಗೆ ಇಳಿದವರು, ಅಲ್ಲಿ ನೂಕುನುಗ್ಗಲಾದ ಕೂಡಲೇ ಬಂದ ದಾರಿಯಲ್ಲೇ ಹಿಂದೆ ಹತ್ತತೊಡಗಿದರು. ಇಬ್ಬರ ಹಣೆ ಢಿಕ್ಕಿ ಹೊಡೆದು ಆಟ ನಿಂತಿತು. ಏನು ಮಾಡೋಣ ಅಂತ ಕೇಳಿದೆ. "ಅಲ್ಲೊಂದು ಗೇಟ್ ಬೇಕು ಮಿಸ್. ಒಳಗೆ ಬಿಡಬೇಕು, ವಾಪಸ್ ಬಿಡಬಾರದು." ಸದಾ ಹಿಂದಿನ ಬೆಂಚಿನಲ್ಲಿ ಕೂತು ಉತ್ತರಕ್ಕೆ ತಲೆ ತಗ್ಗಿಸುವ ಹುಡುಗನೊಬ್ಬ ಹೇಳಿದ ಮಾತು ಇದು. ಅವನನ್ನೇ ಅಲ್ಲಿ ನಿಲ್ಲಿಸಿದೆ. ಕೈ ಅಗಲಿಸಿ ನಿಂತವನು ಯಾರು ಗೋಗರೆದರೂ ಬಗ್ಗಲಿಲ್ಲ. ಇನ್ನು ಮೂರು ಕಡೆಯೂ ಗೇಟ್ ಬೇಕಲ್ಲ ಅಂತ ಅವರೇ ಹುಡುಕಿಕೊಂಡರು: ಎಡಗಡೆಯ ಎರಡು ಕೋಣೆಗಳ ನಡುವೆ, ಶ್ವಾಸಕೋಶಕ್ಕೆ ಹೊರಡುವಲ್ಲಿ, ದೇಹಕ್ಕೆ ಹೊರಡುವಲ್ಲಿ. ಕವಾಟ ಅನ್ನುವ ಪದ ನಾನು ಆಮೇಲೆ ಹೇಳಿದ್ದು.

ನಡುವೆ ಒಬ್ಬಳು ಮಣಿಕಟ್ಟು ತೋರಿಸಿ, ಒಳಗೆ ನೀಲಿ ರಕ್ತ ಕಾಣುತ್ತಲ್ಲ ಅಂದಳು. ತಪ್ಪು ನನ್ನದೇ, ನೀಲಿ ಮುಚ್ಚಳ ಕೊಟ್ಟವಳು ನಾನು. ರಕ್ತ ಯಾವಾಗಲೂ ಕೆಂಪೇ, ಆಮ್ಲಜನಕ ಕಡಿಮೆಯಾದರೆ ಕಡುಗೆಂಪು, ಚರ್ಮದ ಮೂಲಕ ನೋಡುವಾಗ ರಕ್ತನಾಳ ನೀಲಿಯಾಗಿ ಕಾಣುತ್ತದೆ ಅಷ್ಟೇ ಅಂತ ಹೇಳಬೇಕಾಯಿತು. ಮುಂದಿನ ಸಲ ನೀಲಿ ಬದಲು ಕಂದು ಮುಚ್ಚಳ ಕೂಡಿಡಬೇಕು.

ಮೂರನೇ ಸುತ್ತಿಗೆ ಆಟ ಹದಕ್ಕೆ ಬಂತು. ಓಡಿ ಓಡಿ ಏದುಸಿರು ಬಿಡುತ್ತಿದ್ದವರನ್ನು ಕೂರಿಸಿ ನಾಡಿ ಎಣಿಸಿಸಿದೆ. ಒಬ್ಬಳದು ಬೆಳಿಗ್ಗೆ ನಿಮಿಷಕ್ಕೆ 84 ಇತ್ತು, ಈಗ 130 ದಾಟಿತ್ತು. ಯಾಕೆ ಅಂತ ಕೇಳುವಷ್ಟರಲ್ಲಿ ಮಳೆ ಬಂತು. ಎಲ್ಲರೂ ಜಗುಲಿಗೆ ಓಡಿದೆವು. ಹೃದಯ ಕಾಲು ಗಂಟೆಯಲ್ಲಿ ಚರಂಡಿ ಸೇರಿತು.

ಕೊನೆಗೆ ಸಾಫಲ್ಯ ಪರೀಕ್ಷೆ. ದಾರಿ ಬರೆಯುವ ಪ್ರಶ್ನೆಗೆ 19 ಮಂದಿ ಸರಿಯಾಗಿ ಬರೆದಿದ್ದರು. ಉಳಿದವರಲ್ಲಿ ಮೂವರು ಶ್ವಾಸಕೋಶವನ್ನೇ ಮರೆತಿದ್ದರು. ಅವರನ್ನು ಮತ್ತೆ ಓಡಿಸಬೇಕು. "ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವುದು ಯಾವುದು?" ಅನ್ನುವ ಪ್ರಶ್ನೆಗೆ ಹಿಂದಿನ ಬೆಂಚಿನ ಹುಡುಗ ದಪ್ಪ ಅಕ್ಷರದಲ್ಲಿ "ನಾನು" ಅಂತ ಬರೆದಿದ್ದ. ಆಮೇಲೆ ಏನನ್ನಿಸಿತೋ, ಅದರ ಮುಂದೆ ಚಿಕ್ಕದಾಗಿ "ಕವಾಟ" ಅಂತ ಸೇರಿಸಿದ್ದ. ಎರಡಕ್ಕೂ ಸೇರಿಸಿ ಒಂದು ಅಂಕ ಕೊಟ್ಟೆ.