ತೀರ್ಥಹಳ್ಳಿ ಕಡೆಯ ಗಲಾಟೆ

ಹಳ್ಳಿಯಲ್ಲಿ ಸದ್ದೇ ಇರುವುದಿಲ್ಲ ಎನ್ನುವವರು ಅಡಿಕೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಕಡೆ ಹೋಗಿಲ್ಲ ಅಂತ ಕಾಣುತ್ತದೆ. ನಾನು, ನನ್ನ ಹೆಂಡತಿ ಹೋದದ್ದು ಡಿಸೆಂಬರ್ ಶುರುವಿನಲ್ಲಿ. ಕಾರಣ ಬೇರೇನಲ್ಲ, ಕಿವಿಗೆ ಸ್ವಲ್ಪ ರಜೆ ಬೇಕಿತ್ತು. ನಾಗರಬಾವಿಯಲ್ಲಿ ನಮ್ಮ ಮನೆ ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ. ಹಗಲೆಲ್ಲ ಟೈಲ್ಸ್ ಕೊಯ್ಯುವ ಮಿಷನ್, ನಡುರಾತ್ರಿ ಜಲ್ಲಿ ಸುರಿಯುವ ಲಾರಿ. ಇವೆರಡರ ಮಧ್ಯೆ ರೆಕಾರ್ಡ್ ಮಾಡಿದ ದನಿಯಲ್ಲಿ ಈರುಳ್ಳಿ ಮಾರಿಕೊಂಡು ಬರುವ ಗಾಡಿ.

ರಾತ್ರಿ ರೈಲಿನಲ್ಲಿ ಶಿವಮೊಗ್ಗ, ಅಲ್ಲಿಂದ ಅರವತ್ತು ಕಿಲೋಮೀಟರ್ ಬಸ್ಸು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವಾಗ ನಾನು ನಿದ್ದೆಯಲ್ಲಿದ್ದೆ. ಹಾಗಾಗಿ ಆ ದಾರಿಯ ಬಗ್ಗೆ ಬರೆಯಲು ಏನೂ ಇಲ್ಲ.

ಆಗುಂಬೆ ದಾರಿಯಲ್ಲಿ ಒಂದು ಹೋಮ್‌ಸ್ಟೇ ಬುಕ್ ಮಾಡಿದ್ದೆವು. ಜಾಹೀರಾತಿನಲ್ಲಿ ತೋಟ, ಮಂಜು, ಉಯ್ಯಾಲೆ, ಜೊತೆಗೆ 'ಪ್ರಶಾಂತ ಪರಿಸರ' ಎಂಬ ಸಾಲು. ಹೋದದ್ದು ಶನಿವಾರ. ಸಂಜೆಯ ಹೊತ್ತಿಗೆ ನಮ್ಮ ಬೆಂಗಳೂರಿನದೇ ಒಂದು ಗುಂಪು ಕಾರುಗಳಲ್ಲಿ ಬಂದಿಳಿಯಿತು. ಅಂಗಳದಲ್ಲಿ ಬೆಂಕಿ ಹಾಕಿದರು. ಒಳಗಿನಿಂದ ಆಳೆತ್ತರದ ಸ್ಪೀಕರ್ ಬಂತು. ಅದು ಅವರದ್ದಲ್ಲ, ಹೋಮ್‌ಸ್ಟೇಯವರದ್ದೇ! ಹನ್ನೊಂದೂವರೆಗೆ ಹೋಗಿ ಕೇಳಿದರೆ ಮಾಲೀಕರು ನಗುತ್ತಾ, "ವೀಕೆಂಡ್ ಅಲ್ವಾ ಸಾರ್, ಅವರೂ ದುಡ್ಡು ಕೊಟ್ಟಿದ್ದಾರೆ" ಅಂದರು. ರಾತ್ರಿ ಒಂದೂವರೆವರೆಗೆ ನಮ್ಮ ಮಂಚದ ಕಾಲು ನಡುಗುತ್ತಿತ್ತು.

ಈ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ನೇರವಾಗಿ ಕೇಳಿ, ಹೊರಗೆ ಸ್ಪೀಕರ್ ಹಾಕುತ್ತೀರಾ, ದೊಡ್ಡ ಗುಂಪುಗಳನ್ನು ಸೇರಿಸುತ್ತೀರಾ ಅಂತ. "ಅಡ್ಜಸ್ಟ್ ಮಾಡ್ತೀವಿ ಸಾರ್" ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ. ಸಾಧ್ಯವಾದರೆ ಶನಿವಾರ ತಪ್ಪಿಸಿ. ಇನ್ನೊಂದು ವಿಷಯ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಮಾತಿಗೆ ಬಗ್ಗದಿದ್ದರೆ 112ಕ್ಕೆ ಫೋನ್ ಮಾಡಬಹುದು. ನಾವು ಮಾಡಲಿಲ್ಲ, ಬೆಳಿಗ್ಗೆ ಎದ್ದು ಗಂಟುಮೂಟೆ ಕಟ್ಟಿದೆವು.

ಆಮೇಲಿನ ತಿರುಗಾಟ ಬೇಗ ಹೇಳಿ ಮುಗಿಸುತ್ತೇನೆ. ಆಗುಂಬೆಯ ಸೂರ್ಯಾಸ್ತದ ಜಾಗದಲ್ಲಿ ಸೂರ್ಯನಿಗಿಂತ ಮೊಬೈಲ್‌ಗಳೇ ಜಾಸ್ತಿ ಕಂಡವು. ಕುಪ್ಪಳಿಯ ಕವಿಶೈಲ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುವೆಂಪು ಸಮಾಧಿಯ ಪಕ್ಕ ನಿಂತು ಸಿನಿಮಾ ಹಾಡಿಗೆ ರೀಲ್ಸ್ ಮಾಡುವವರನ್ನು ನೋಡಿದರೆ ಬೇಜಾರಾಗುತ್ತದೆ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ಆಗ ಅಲ್ಲಿ ಇನ್ನೂ ಜನ ಇರುತ್ತಾರೆ.

ನಮ್ಮನ್ನು ಉಳಿಸಿದ್ದು ಹೆಂಡತಿಯ ಸಹೋದ್ಯೋಗಿಯೊಬ್ಬರು. ವಿಷಯ ಕೇಳಿ, "ಅಯ್ಯೋ, ನಮ್ಮ ದೊಡ್ಡಮ್ಮನ ಮನೆ ಅಲ್ಲೇ ಹತ್ತಿರ, ಹೋಗಿ" ಅಂದರು. ಸಂಕೋಚದಿಂದಲೇ ಹೋದೆವು. ಬಸ್ಸಿಳಿದು ಗದ್ದೆಯಂಚಿನಲ್ಲಿ ನಡೆದರೆ ತೋಟದ ತಲೆಗೆ ಒಂದು ಹೆಂಚಿನ ಮನೆ. ಬಯಲುಸೀಮೆಯ ಥರ ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದೊಂದು ಕಣಿವೆಗೆ ಒಂದು ಮನೆ, ಪಕ್ಕದ ಮನೆ ಅಂದರೆ ಗುಡ್ಡದ ಆಚೆ. ಮನೆಯಲ್ಲಿ ಇದ್ದವರು ಇಬ್ಬರೇ, ದೊಡ್ಡಮ್ಮ ಮತ್ತು ದೊಡ್ಡಪ್ಪ. ಕೈಕಾಲು ತೊಳೆದು ಕೂರುವಷ್ಟರಲ್ಲಿ ಕಡುಬು, ಕಾಯಿಚಟ್ನಿ, ಅಪ್ಪೆಮಿಡಿ ಉಪ್ಪಿನಕಾಯಿ ಬಂದವು. ಆ ಅಪ್ಪೆಮಿಡಿಯ ಪರಿಮಳ ಪೇಟೆಯ ಯಾವ ಅಂಗಡಿಯ ಬಾಟ್ಲಿಯಲ್ಲೂ ಸಿಗಲ್ಲ.

ಈಗ ಸದ್ದಿನ ವಿಷಯ. ಬೆಳಕು ಹರಿಯುವ ಮುಂಚೆಯೇ ಮಂಗಟ್ಟೆ ಹಕ್ಕಿಗಳು ಕರ್ಕಶವಾಗಿ ಶುರು ಮಾಡಿದವು. ಎಂಟು ಗಂಟೆಗೆ ತೋಟದ ಕಡೆಯಿಂದ 'ಢಂ' ಅಂತ ಕೇಳಿ ನಾನು ಕಾಫಿ ಚೆಲ್ಲಿಕೊಂಡೆ. ದೊಡ್ಡಪ್ಪ ಮಂಗ ಓಡಿಸುತ್ತಿದ್ದರು. ಪಿವಿಸಿ ಪೈಪಿನಲ್ಲಿ ಮಾಡಿದ ಗನ್ನು ಅದು. ಒಳಗೆ ಕಾರ್ಬೈಡ್ ಚೂರು, ನಾಲ್ಕು ಹನಿ ನೀರು, ಗ್ಯಾಸ್ ತುಂಬಿದ ಮೇಲೆ ಲೈಟರ್ ಒತ್ತಿದರೆ ಸಿಡಿಯುತ್ತದೆ. ಸಿಡಿಯದೆ ಹೋದರೆ ಪೈಪಿನೊಳಗೆ ಇಣುಕಬಾರದು, ಕಣ್ಣು ಹೋಗುತ್ತದೆ ಅಂತ ಅವರೇ ಹೇಳಿದರು. ಮಂಗಗಳು ಪಕ್ಕದ ಮರಕ್ಕೆ ಹಾರಿ ಕೂತು ಇವರನ್ನೇ ನೋಡುತ್ತಿದ್ದವು. ಅಷ್ಟರಲ್ಲಿ ಕೆಳಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವ ಮಿಷನ್ ಹೊರಟಿತು. ಅದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ನಾನು ಹೆಂಡತಿಯ ಮುಖ ನೋಡಿದೆ. ಅವಳು ನಗು ತಡೆದುಕೊಂಡು ಒಳಗೆ ಹೋದಳು.

ಆದರೂ ಅಲ್ಲಿ ತಲೆನೋವು ಬರಲಿಲ್ಲ. ಯಾಕೆ ಅಂತ ಯೋಚಿಸುತ್ತಾ ದೊಡ್ಡಪ್ಪನನ್ನೇ ಗಮನಿಸಿದೆ. ಜಗುಲಿಯಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತೇ ಅವರು ಊರಿನ ವರದಿ ಕೊಡುತ್ತಿದ್ದರು. ರಸ್ತೆಯಲ್ಲಿ ಗಾಡಿ ಹೋದರೆ, "ಮೇಲಿನ ಮನೆಯವ್ರ ಪಿಕಪ್ಪು. ಬೇರಿಂಗ್ ಹೋಗಿದೆ, ಹೇಳಿದ್ರೆ ಕೇಳೂದಿಲ್ಲ." ಮಿಷನ್ ನಿಂತರೆ, "ಬೆಲ್ಟ್ ಜಾರ್ತು. ಇನ್ನು ಅರ್ಧ ಗಂಟೆ ಅವ್ರ ಮನೇಲಿ ಬೈಗುಳ." ರಾತ್ರಿ ಗುಡ್ಡದ ಮೇಲಿಂದ ಬೊಗಳುವ ಸದ್ದು ಬಂತು. ನಾಯಿ ಅಂದುಕೊಂಡಿದ್ದೆ, "ಕಾಡುಕುರಿ" ಅಂದರು. ನಾಯಿಯ ಹಾಗೆ ಬೊಗಳುವ ಒಂದು ಜಾತಿಯ ಜಿಂಕೆ ಅದು. ನಮ್ಮ ರಸ್ತೆಯಲ್ಲಿ ಅರ್ಧ ಗಂಟೆ ಹಾರ್ನ್ ಹೊಡೆಯುವ ಕಾರು ಯಾರದು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಇನ್ನು ಬರೆಯಬೇಕಾದದ್ದು ಆ ರಾತ್ರಿ ದೊಡ್ಡಮ್ಮ ಆಡಿದ ಮಾತು. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ಊಟ ಆದ ಮೇಲೆ ಅವರು ಮೆಟ್ಟುಗತ್ತಿ ಹಾಕಿಕೊಂಡು ಕೂತರು. ಮಿಷನ್‌ನಲ್ಲಿ ಸರಿಯಾಗಿ ಸುಲಿಯದೆ ಉಳಿದ ಕಾಯಿಗಳನ್ನು ಕೈಯಲ್ಲಿ ಸುಲಿಯಬೇಕು. ಕತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಕಾಯಿಯನ್ನು ಅಲಗಿಗೆ ಒತ್ತಿ ತಿರುಗಿಸುತ್ತಾರೆ. ಸಿಪ್ಪೆ ಎರಡು ಪಾಲಾಗಿ ಒಂದು ಕಡೆ, ಅಡಿಕೆ ಡಬ್ಬದ ಕಡೆ. ಡಬ್ಬ ಖಾಲಿ ಇದ್ದಾಗ 'ಟಣ್' ಅನ್ನುತ್ತದೆ. ತಳ ಮುಚ್ಚಿದ ಮೇಲೆ ಸದ್ದು ಮೆತ್ತಗಾಗುತ್ತದೆ. ದೊಡ್ಡಮ್ಮ ಡಬ್ಬ ನೋಡುವುದೇ ಇಲ್ಲ, ತುಂಬಿದ್ದು ಕಿವಿಗೇ ಗೊತ್ತಾಗುತ್ತದೆ.

ಕಿಟಕಿಯಲ್ಲಿ ರೇಡಿಯೊ ಇತ್ತು, ಭದ್ರಾವತಿ ಆಕಾಶವಾಣಿ. ಬೆಳಿಗ್ಗೆಯಿಂದ ಯಾರೂ ಅದರ ಹತ್ತಿರ ಕೂತು ಕೇಳಿದ್ದನ್ನು ನಾನು ನೋಡಿರಲಿಲ್ಲ. ಆದರೆ ಆರಿಸಿದ್ದನ್ನೂ ನೋಡಿರಲಿಲ್ಲ.

"ನಿಮಗೆ ಇಲ್ಲಿ ಎಷ್ಟು ನೆಮ್ಮದಿ ದೊಡ್ಡಮ್ಮ, ನಮಗೆ ಬೆಂಗಳೂರಿನ ಗಲಾಟೆಯಲ್ಲಿ ತಲೆ ಕೆಟ್ಟುಹೋಗುತ್ತದೆ" ಅಂದೆ. ಊರಿಗೆ ಬಂದ ಪೇಟೆಯವರೆಲ್ಲ ಆಡುವ ಮಾತು ಅದು.

ಅವರು ಕತ್ತಿಯಿಂದ ಕಣ್ಣೆತ್ತಲಿಲ್ಲ. "ಬೆಂಗ್ಳೂರಲ್ಲಿ ಎಂತ ಗಲಾಟೆ? ನಂಗೆ ಒಂದು ಸದ್ದೂ ಕೇಳ್ಲಿಲ್ಲ ಮಾರಾಯ್ರೆ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಮಗನ ಫ್ಲಾಟು ವೈಟ್‌ಫೀಲ್ಡ್ ಕಡೆ, ಹದಿನಾಲ್ಕನೇ ಮಹಡಿ. ಮೊಮ್ಮಗಳು ಹುಟ್ಟಿದಾಗ ಇವರು ಹೋಗಿ ಇದ್ದರು. "ಕಿಟಕಿಗೆ ಎರಡೆರಡು ಗಾಜು. ತೆಗೆದ್ರೆ ಧೂಳು ಬರ್ತದೆ ಅಂತ ತೆಗೆಯೂದಿಲ್ಲ. ಕೆಳಗೆ ರಸ್ತೆ ತುಂಬ ಕಾರು ಹೋಗೂದು ಕಾಣ್ತದೆ, ಸದ್ದಿಲ್ಲ. ಟೀವಿಯ ವಾಲ್ಯೂಮ್ ತೆಗ್ದು ನೋಡಿದ ಹಾಗೆ. ಮಗು ಮಲಗಿದ್ರೆ ಫ್ರಿಜ್ಜಿನ ಸದ್ದೊಂದೇ. ಅದೂ ನಿಂತ್ರೆ ನಂಗೆ ಎದೆ ಧಸಕ್ ಅನ್ನೋದು. ಲಿಫ್ಟಲ್ಲಿ ಜನ ಸಿಗ್ತಾರೆ, ನಕ್ಕರೆ ಫೋನ್ ನೋಡ್ತಾರೆ."

ಎರಡು ಕಾಯಿ ಸುಲಿದ ಮೇಲೆ, "ಒಂದ್ಸಲ ಕರೆಂಟು ಹೋಗಿ ಅದೆಂತದೋ ಜನರೇಟರ್ ಹೊಡ್ಕೊಳ್ತು ನೋಡಿ, ಖುಷಿ ಆಯ್ತು" ಅಂದರು. ನನ್ನ ಹೆಂಡತಿ ಜೋರಾಗಿ ನಕ್ಕಳು. ದೊಡ್ಡಮ್ಮನೂ ನಕ್ಕರು.

"ಇಲ್ಲಿ ಹಾಗಿಲ್ಲವಲ್ಲ" ಅಂದೆ.

"ಇಲ್ಲೂ ಅದೇ ಆಗ್ತಾ ಬಂತು" ಅಂದರು.

ಅವರು ಮದುವೆಯಾಗಿ ಬಂದ ಕಾಲದಲ್ಲಿ ಸುಲಿಯುವ ಸಮಯ ಅಂದರೆ ಇದೇ ಜಗುಲಿಯಲ್ಲಿ ಹತ್ತು ಹದಿನೈದು ಮೆಟ್ಟುಗತ್ತಿ. ಒಂದು ಮನೆಯದು ಮುಗಿದರೆ ಇನ್ನೊಂದು ಮನೆಗೆ, ಮುಯ್ಯಾಳು ಲೆಕ್ಕದಲ್ಲಿ. ಗ್ಯಾಸ್‌ಲೈಟ್ ಹಚ್ಚಿಕೊಂಡು ನಡುರಾತ್ರಿವರೆಗೆ ಸುಲಿಯುವುದು, ನಡುವೆ ಕಾಫಿ. ಯಾರ ಮನೆಯ ಹುಡುಗಿಗೆ ಗಂಡು ಬಂತು, ಹಿಂದಿನ ವಾರದ ಯಕ್ಷಗಾನದ ಆಟದಲ್ಲಿ ಭಾಗವತರು ಎಲ್ಲಿ ತಾಳ ತಪ್ಪಿದರು, ಎಲ್ಲ ಇಲ್ಲೇ ತೀರ್ಮಾನ. ಒಬ್ಬಳು ಹಾಡಿದರೆ ಇನ್ನೊಬ್ಬಳು ಅವಳನ್ನು ಅಣಕಿಸುವುದು. "ಮಲಗಿದೋರು ಎದ್ದು ಬಂದು ಬೈಯೋರು, ಅಷ್ಟು ಗಲಾಟೆ." ಎದುರು ಗುಡ್ಡದಲ್ಲಿ ಪ್ರಾಥಮಿಕ ಶಾಲೆ ಇತ್ತು. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಮಗ್ಗಿ ಇಲ್ಲಿಗೇ ಕೇಳುತ್ತಿತ್ತು. ಮಗ್ಗಿ ಶುರುವಾದರೆ ಅನ್ನಕ್ಕೆ ಇಡುವ ಹೊತ್ತು, ಗಡಿಯಾರ ನೋಡುವ ಕೆಲಸವೇ ಇರಲಿಲ್ಲವಂತೆ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಇರುವ ನಾಲ್ಕು ಮಕ್ಕಳು ವ್ಯಾನಿನಲ್ಲಿ ತೀರ್ಥಹಳ್ಳಿಗೆ ಹೋಗುತ್ತವೆ.

ಕೆಳಮನೆಯ ಮಿಷನ್ನಿನ ಬಗ್ಗೆ ನಾನು ಮೂಗು ಮುರಿದಿದ್ದೆನಲ್ಲ, ದೊಡ್ಡಮ್ಮನಿಗೆ ಅದು ಇಷ್ಟ. "ಅಷ್ಟಾದ್ರೂ ಮಾಡ್ತದಲ್ಲ ಸದ್ದು. ಅಡಿಕೆ ಮುಗಿದ ಮೇಲೆ ಇಲ್ಲಿ ಬಂದು ಕೂತು ನೋಡಿ. ಇವರು ತೋಟಕ್ಕೆ ಹೋದ್ರೆ ನಾನು ರೇಡಿಯೋಕ್ಕೆ ಉತ್ರ ಕೊಡ್ತಾ ಇರ್ತೇನೆ."

ಒಳಗಿನಿಂದ ದೊಡ್ಡಪ್ಪ, "ಜಗಳಾನೂ ಆಡ್ತಾಳೆ, ಹವಾಮಾನ ವರದಿ ಹೇಳೋರ ಹತ್ರ" ಅಂದರು.

ನನಗೆ ನಗು ಬಂತು, ಒಳಗೆಲ್ಲೋ ಚುರುಕ್ಕೆಂದಿತು ಕೂಡ. ನಾವು ದುಡ್ಡು ಕೊಟ್ಟು, ರಜೆ ಹಾಕಿ ಹುಡುಕಿಕೊಂಡು ಬಂದದ್ದು ಈ ಮನೆಯಿಂದ ಮಗ ಎದ್ದುಹೋದ ಮೇಲೆ ಉಳಿದದ್ದನ್ನು. ಅವರ ಮಗ ಹೋಗಿ ಸೇರಿದ್ದು ನಾನಿರುವ ಊರನ್ನೇ. ಅವನಿಗೂ ಸದ್ದು ಬೇಡವೆಂದೇ ಎರಡು ಗಾಜು ಹಾಕಿಸಿರಬೇಕು. ಇದಕ್ಕೆ ದೊಡ್ಡಮ್ಮನ ಹತ್ತಿರ ಏನು ಹೇಳುವುದು? ಮೆಟ್ಟುಗತ್ತಿ ಇನ್ನೊಂದು ಇದೆಯಾ ಅಂತ ಹೆಂಡತಿ ಕೇಳಿದಳು. ಇತ್ತು. ಅವಳು ಸುಲಿದ ಅಡಿಕೆಗಳಿಗೆಲ್ಲ ಗಾಯವಾಗಿತ್ತು. "ಇರ್ಲಿ ಬಿಡಿ, ಮನೆ ಖರ್ಚಿಗೆ ಆಗ್ತದೆ" ಅಂದರು ದೊಡ್ಡಮ್ಮ. ಮಾತು ಮುಗಿಯುವಾಗ ಹನ್ನೆರಡು ದಾಟಿತ್ತು. ಏನೇನು ಮಾತಾಡಿದೆವು ಅಂತ ಎಲ್ಲ ನೆನಪಿಲ್ಲ. ನಮ್ಮ ಬೀದಿಯ ಈರುಳ್ಳಿ ಗಾಡಿಯವನ ದನಿಯನ್ನು ನಾನು ಅಣಕಿಸಿ ತೋರಿಸಿದ್ದು, ಅವರು ಇನ್ನೊಮ್ಮೆ ಮಾಡಿ ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಮುಂದೆ ಅಡಿಕೆ ಬೇಯಿಸಿದ್ದು, ಅದು ಬೇಯುವ ನೀರಿನ, ಅಂದರೆ ಚೊಗರಿನ, ಕೆಂಪು ಅಂಗಿಗೆ ಹತ್ತಿದ್ದು, ಶೃಂಗೇರಿಗೆ ಹೋಗಿಬಂದದ್ದು, ಎಲ್ಲ ಆಯಿತು. ಬಿಳಿ ಬಟ್ಟೆ ಹಾಕಿಕೊಂಡು ಹಂಡೆಯ ಹತ್ತಿರ ಹೋಗಬೇಡಿ, ಆ ಕಲೆ ಯಾವ ಸೋಪಿಗೂ ಜಗ್ಗಲ್ಲ.

ಹೊರಡುವ ದಿನ ದೊಡ್ಡಮ್ಮ ಅಪ್ಪೆಮಿಡಿಯ ಭರಣಿ ಕೈಗೆ ಕೊಟ್ಟು, "ಈಗ ಬಂದದ್ದು ಬಂದದ್ದಲ್ಲ. ಎಳ್ಳಮಾವಾಸ್ಯೆ ಜಾತ್ರೆಗೆ ಬನ್ನಿ" ಅಂದರು. ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವರಿಗೆ ನಡೆಯುವ ಜಾತ್ರೆ ಅದು, ಮೂರು ದಿನ. ಮೊದಲ ದಿನ ತುಂಗೆಯಲ್ಲಿ ತೀರ್ಥಸ್ನಾನ, ಮರುದಿನ ತೇರು, ಮೂರನೇ ದಿನ ರಾತ್ರಿ ಹೊಳೆಯಲ್ಲಿ ತೆಪ್ಪೋತ್ಸವ, ಪಟಾಕಿ. ಮಂಡಿನೋವು ಇದ್ದರೂ ದೊಡ್ಡಮ್ಮ ಒಂದು ವರ್ಷವೂ ತಪ್ಪಿಸುವುದಿಲ್ಲವಂತೆ.

"ತೆಪ್ಪ ನೋಡೋಕೆ ಹೊಳೆ ದಂಡೆಗೆ ಹೋಗ್ಬೇಡಿ" ಅಂದರು. "ಅಲ್ಲಿ ಬರೇ ತೆಪ್ಪ ಕಾಣ್ತದೆ. ಅಂಗಡಿ ಸಾಲಲ್ಲಿ ನಿಲ್ಬೇಕು. ಪೀಪಿ, ತೊಟ್ಟಿಲಿನ ಮೋಟರು, ಮೈಕಲ್ಲಿ ಮಕ್ಕಳು ಕಳೆದುಹೋದ ಸುದ್ದಿ, ಬತ್ತಾಸಿನವ್ರು ಕೂಗೂದು. ಎಂತ ಗಲಾಟೆ ಗೊತ್ತುಂಟಾ!"

"ಇವಳು ಎರಡು ವರ್ಷದ ಹಿಂದೆ ಬೇಕಂತ್ಲೇ ಕಳೆದುಹೋಗಿದ್ಲು" ಅಂದರು ದೊಡ್ಡಪ್ಪ. "ಮೈಕಲ್ಲಿ ಹೆಸ್ರು ಬರ್ಲಿ ಅಂತ."

"ಸುಮ್ನಿರಿ" ಅಂದರು ದೊಡ್ಡಮ್ಮ. ಆದರೆ ಅಲ್ಲ ಅಂತ ಹೇಳಲಿಲ್ಲ.